ರಸ್ತೆ ಪಕ್ಕದ ಅಬ್ಬಿ (ಫಾಲ್ಸ್): ಕಡಾಂಬಿ, ಹನುಮನಗುಂಡಿ, ಚಾರ್ಮಾಡಿ, ಸಿರಿಮನೆ, ಕಲ್ಲತ್ತಿಗಿರಿ – ಯಾರಿಗೆ ಯಾವುದು?

"ರೋಡ್ ಪಕ್ಕದಲ್ಲೇ ಇದೆ, ಇಳಿದ್ರೆ ಫಾಲ್ಸ್" ಎಂದಿದ್ದರು ನಾವು ಉಳಿದುಕೊಂಡಿದ್ದ ಹೋಮ್‌ಸ್ಟೇಯವರು. ಕಳಸದಿಂದ ಹೊರಟು ಕುದುರೆಮುಖ ದಾಟಿ ಹನುಮನಗುಂಡಿಗೆ ಹೋದೆವು. ಟಿಕೆಟ್ ಕೌಂಟರ್ ರಸ್ತೆ ಪಕ್ಕದಲ್ಲೇ ಇತ್ತು, ನಿಜ. ನೀರು ಮಾತ್ರ ಸುಮಾರು ಮುನ್ನೂರು ಮೆಟ್ಟಿಲು ಕೆಳಗಿತ್ತು. ಅಮ್ಮನಿಗೆ ಮಂಡಿನೋವು. ನಾಲ್ಕು ಮೆಟ್ಟಿಲು ಇಳಿದು ಕಂಬಿ ಹಿಡಿದು ನಿಂತರು. "ನೀವು ಹೋಗಿ ಬನ್ನಿ, ನನಗೆ ಸದ್ದು ಕೇಳ್ತಿದೆ, ಸಾಕು" ಎಂದರು. ನಾವು ಇಳಿದು, ನೋಡಿ, ಏದುಸಿರು ಬಿಡುತ್ತಾ ಹತ್ತಿ ಬರುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಅಮ್ಮ ಕಾರಿನೊಳಗೆ ಕೂತು, ಗಾಜು ಅರ್ಧ ಇಳಿಸಿ, ಮಳೆ ನೋಡುತ್ತಿದ್ದರು.

ಅದೇ ದಾರಿಯಲ್ಲಿ ವಾಪಸ್ ಬರುವಾಗ ಕಡಾಂಬಿ ಸಿಕ್ಕಿತು. ಕಾರು ನಿಲ್ಲಿಸಿ ಬಾಗಿಲು ತೆಗೆದರೆ ಎದುರಿಗೇ ನೀರು. ಅಮ್ಮ ಇಳಿದು ಹತ್ತು ಹೆಜ್ಜೆ ನಡೆದರು. ತುಂತುರು ಬಂದು ಕನ್ನಡಕಕ್ಕೆ ಕೂತಿತು. ಸೆರಗಿನ ತುದಿಯಿಂದ ಒರೆಸಿಕೊಂಡರು, ಮತ್ತೆ ಕೂತಿತು, ಮತ್ತೆ ಒರೆಸಿದರು. ಕೊನೆಗೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ಕಡಾಂಬಿ ಎಂದರೆ ಸುಮಾರು ಮೂವತ್ತು ಅಡಿಯ ಅಬ್ಬಿ ಅಷ್ಟೆ. ಆದರೆ ಆ ಪ್ರವಾಸದಲ್ಲಿ ಅಮ್ಮ ಕಣ್ಣಾರೆ ನೋಡಿದ ಫಾಲ್ಸ್ ಅದೊಂದೇ. ಈಗಲೂ ಅದರ ಮಾತೇ ಆಡುತ್ತಾರೆ.

ಚಿಕ್ಕಮಗಳೂರಿನಲ್ಲಿ ಮನೆ ಇದ್ದರೆ ಜೂನ್ ಕೊನೆಯಿಂದ ಫೋನ್ ಶುರು. ಬೆಂಗಳೂರಿನ ಅಕ್ಕ, ಹಾಸನದ ಚಿಕ್ಕಪ್ಪ, ಜೊತೆಗೆ ಓದಿದವರು, ಎಲ್ಲರದೂ ಒಂದೇ ಪ್ರಶ್ನೆ. "ಯಾವ ಫಾಲ್ಸ್‌ಗೆ ಹೋಗೋದು? ಜಾಸ್ತಿ ನಡೆಯೋದು ಬೇಡ, ರೋಡ್ ಪಕ್ಕ ಇರ್ಬೇಕು." ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಮೊದಲು ವಾಪಸ್ ಕೇಳುವುದು ಒಂದೇ: ಕಾರಿನಲ್ಲಿ ಯಾರ್‍ಯಾರು ಇರ್ತೀರಿ? ಅದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಮೊದಲು ಏನೇನು ನೋಡಬೇಕು

"ರೋಡ್ ಪಕ್ಕ" ಎನ್ನುವ ಮಾತನ್ನೇ ಮೊದಲು ಬಿಡಿಸಿಕೊಳ್ಳಿ. ಗಾಡಿ ನಿಲ್ಲಿಸಿದ ಜಾಗದಿಂದ ನೀರು ಕಾಣುತ್ತದೆಯೋ, ಇಳಿದು ಹೋಗಬೇಕೋ? ದೂರ ಎಷ್ಟು ಎಂದು ಕೇಳಬೇಡಿ, ಮೆಟ್ಟಿಲು ಎಷ್ಟು ಎಂದು ಕೇಳಿ. ಮಂಡಿನೋವು ಇರುವವರಿಗೆ ಅರ್ಧ ಕಿಲೋಮೀಟರ್ ಸಮತಟ್ಟು ದಾರಿ ಸಲೀಸು, ಐವತ್ತು ಮೆಟ್ಟಿಲು ಕಷ್ಟ. ಇಳಿಯುವಾಗ ನೋವು ಗೊತ್ತಾಗುವುದಿಲ್ಲ, ಹತ್ತುವಾಗ ಗೊತ್ತಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಅಮ್ಮ ಹೇಳುವುದು ಉಲ್ಟಾ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ.

ಎರಡನೆಯದು, ನೀರಿಗೆ ಇಳಿಯಬೇಕೋ, ನೋಡಿದರೆ ಸಾಕೋ? ಮಕ್ಕಳಿದ್ದರೆ ಈ ಪ್ರಶ್ನೆ ಮನೆಯಲ್ಲೇ ಬಗೆಹರಿಯಬೇಕು. ಬಟ್ಟೆ ಬ್ಯಾಗ್ ಹೊತ್ತು ಹೋಗಿ, ಅಲ್ಲಿ ನೀರು ಮುಟ್ಟುವ ಹಾಗಿಲ್ಲ ಎಂದಾಗ ಮಕ್ಕಳ ಮುಖ ನೋಡುವುದಕ್ಕಾಗುವುದಿಲ್ಲ.

ಮೂರನೆಯದು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಬರವಿಲ್ಲ. ಆದರೆ ಮಂಜು, ಜಾರಿಕೆ, ಮರ ಬೀಳುವುದು, ಗುಡ್ಡ ಜರಿಯುವುದು ಎಲ್ಲವೂ ಆಗಲೇ. ಅಕ್ಟೋಬರ್, ನವೆಂಬರ್‌ನಲ್ಲಿ ನೀರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ನನ್ನನ್ನು ಕೇಳಿದರೆ ಅದೇ ಒಳ್ಳೆಯ ಕಾಲ. ಜನವರಿ ಕಳೆದ ಮೇಲೆ ಚಿಕ್ಕ ಅಬ್ಬಿಗಳು ಸೊರಗುತ್ತವೆ.

ಇನ್ನು ಗಾಡಿ ನಿಲ್ಲಿಸಲು ಜಾಗ, ಶೌಚಾಲಯ, ತಿಂಡಿ, ಖರ್ಚು. ಇವು ಸಣ್ಣ ವಿಷಯ ಅನ್ನಿಸುತ್ತವೆ. ವಯಸ್ಸಾದವರು, ಹೆಣ್ಣುಮಕ್ಕಳು ಜೊತೆಗಿದ್ದರೆ ಶೌಚಾಲಯವೇ ಮೊದಲ ವಿಷಯ.

ಕಡಾಂಬಿ: ಬಾಗಿಲು ತೆಗೆದರೆ ನೀರು

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ, ಕುದುರೆಮುಖದಿಂದ ಎಸ್.ಕೆ. ಬಾರ್ಡರ್ ಕಡೆ ಹೋಗುವ ದಾರಿಯಲ್ಲೇ ಇದೆ. ಎಸ್.ಕೆ. ಅಂದರೆ ಸೌತ್ ಕೆನರಾ. ಹಳೆಯ ಜಿಲ್ಲೆಯ ಗಡಿ, ಹೆಸರು ಹಾಗೇ ಉಳಿದಿದೆ. ಅಲ್ಲಿಂದ ಒಂದು ದಾರಿ ಶೃಂಗೇರಿಗೆ, ಇನ್ನೊಂದು ಮಾಳದ ಮೇಲೆ ಕಾರ್ಕಳಕ್ಕೆ.

ಮೆಟ್ಟಿಲಿಲ್ಲ, ನಡೆಯುವುದಿಲ್ಲ, ಟಿಕೆಟ್ ಇಲ್ಲ. ಕಲ್ಲಿನ ಮೇಲಿಂದ ನೀರು ಬಿದ್ದು, ರಸ್ತೆಯ ಕೆಳಗೆ ಹಾದು ಹೋಗುತ್ತದೆ. ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಲ್ಲಿ ಕೂತವರಿಗೂ ಕಾಣುತ್ತದೆ. ಗಾಲಿಕುರ್ಚಿಯವರನ್ನು, ಈಚೆಗೆ ಆಪರೇಷನ್ ಆದವರನ್ನು, ಕೈಗೂಸನ್ನು ಕರೆದುಕೊಂಡು ಹೋಗಿ ತೋರಿಸಬಹುದಾದ ಫಾಲ್ಸ್ ನಮ್ಮ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಅದಕ್ಕೇ ಇದಕ್ಕೆ ನಾನು ಇಷ್ಟು ಬೆಲೆ ಕೊಡುವುದು.

ಕೊರತೆಗಳೂ ಇವೆ. ನೀರಿಗೆ ಇಳಿಯುವ ಜಾಗ ಅಲ್ಲ. ಇಳಿಯಲೂ ಬಾರದು, ಬಂಡೆ ಹತ್ತಲೂ ಬಾರದು. ಅಲ್ಲಿ ಅಂಗಡಿ, ಶೌಚಾಲಯ ಎಂದು ನಂಬಿಕೊಂಡು ಹೋಗಬೇಡಿ. ರಸ್ತೆ ತಿರುವು ತಿರುವಾಗಿದೆ. ಭಾನುವಾರ ಹತ್ತು ಗಾಡಿ ಒಟ್ಟಿಗೆ ನಿಂತರೆ ದಾರಿ ಕಟ್ಟಿಹೋಗುತ್ತದೆ. ನಿಂತು ನೋಡುವುದಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಹಾಗಾಗಿ ಇದೊಂದಕ್ಕೇ ಎಂದು ಚಿಕ್ಕಮಗಳೂರಿನಿಂದ ಹೊರಟರೆ "ಇಷ್ಟೇನಾ?" ಅನ್ನಿಸಬಹುದು. ಚಿಕ್ಕಮಗಳೂರಿನಿಂದ ಕುದುರೆಮುಖಕ್ಕೇ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಹೊರನಾಡು, ಕಳಸ ಅಥವಾ ಶೃಂಗೇರಿಯ ಜೊತೆ ಸೇರಿಸಿಕೊಳ್ಳಿ. ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನ, ಊಟ ಮುಗಿಸಿ ಈ ದಾರಿಯಲ್ಲಿ ಶೃಂಗೇರಿಗೆ ಹೋದರೆ ಕಡಾಂಬಿ ದಾರಿಯಲ್ಲೇ ಸಿಗುತ್ತದೆ.

ಕಡಾಂಬಿಗಿಂತ ಆ ದಾರಿಯೇ ದೊಡ್ಡದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸುಮಾರು 600 ಚದರ ಕಿಲೋಮೀಟರ್ ಕಾಡು, 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮೇಲೆ ಹುಲ್ಲಿನ ಗುಡ್ಡ, ಮಡಿಕೆಯೊಳಗೆ ಕತ್ತಲೆಯಂಥ ಶೋಲಾ ಕಾಡು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇಲ್ಲಿನ ಗಂಗಾಮೂಲದ ಕಡೆಯಿಂದಲೇ ಹುಟ್ಟುತ್ತವೆ. ಇದೇ ಗುಡ್ಡಗಳ ಕಬ್ಬಿಣದ ಅದಿರು ಪುಡಿಯಾಗಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಈಗ ಕುದುರೆಮುಖ ಟೌನ್‌ಶಿಪ್ ದಾಟುವಾಗ ಸಾಲು ಸಾಲು ಖಾಲಿ ಮನೆ, ಗೋಡೆಗೆ ಹಸಿರು ಪಾಚಿ. ಮಕ್ಕಳಿಗೆ ಈ ಕಥೆ ಹೇಳಿ. ಫಾಲ್ಸ್‌ಗಿಂತ ಜಾಸ್ತಿ ನೆನಪಿರುತ್ತದೆ.

ಹನುಮನಗುಂಡಿ: ಮಂಡಿ ಗಟ್ಟಿ ಇದ್ದವರಿಗೆ

ಇದೇ ರಸ್ತೆ, ಇದೇ ಕಾಡು. ಸೂತನಬ್ಬಿ ಎಂದೂ ಕರೆಯುತ್ತಾರೆ. ಅಬ್ಬಿ ಎನ್ನುವ ಮಾತು ಹೆಸರಿನಲ್ಲೇ ಇದೆ. ಅರಣ್ಯ ಇಲಾಖೆಯ ಟಿಕೆಟ್ ಇದೆ, ಗಾಡಿ ನಿಲ್ಲಿಸಲು ಜಾಗ ಇದೆ. ಸಂಜೆಗೆ ಮುಚ್ಚುತ್ತಾರೆ, ಮಧ್ಯಾಹ್ನ ದಾಟುವ ಮುನ್ನ ತಲುಪಿ.

ಇಳಿದ ಮೇಲೆ ಸಿಗುವುದು ಕಡಾಂಬಿಯಲ್ಲಿ ಸಿಗುವುದಿಲ್ಲ. ಸುತ್ತ ಕಾಡು, ತಲೆಯ ಮೇಲೆ ಎಲೆಯ ಚಾವಣಿ, ಮೆಟ್ಟಿಲು ಮೆಟ್ಟಿಲಾದ ಬಂಡೆಯ ಮೇಲೆ ಹರಡಿ ಬೀಳುವ ನೀರು. ಗಾಡಿಯ ಸದ್ದು ಮೇಲೆಯೇ ಉಳಿದುಬಿಡುತ್ತದೆ. ಇಪ್ಪತ್ತರಿಂದ ಐವತ್ತರ ವಯಸ್ಸಿನವರ ಗುಂಪಾದರೆ ಕಡಾಂಬಿಯಲ್ಲಿ ಹತ್ತು ನಿಮಿಷ, ಇಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮಳೆ ಜೋರಿದ್ದ ದಿನ ಕೆಳಗೆ ಬಿಡದಿರಬಹುದು. ಬಿಟ್ಟರೂ ಆ ದಿನ ನೀರಿನ ಹತ್ತಿರ ಹೋಗಬೇಡಿ. ಮೇಲೆಲ್ಲೋ ಸುರಿದ ಮಳೆಗೆ ಕೆಳಗಿನ ನೀರು ಒಮ್ಮೆಲೇ ಏರುತ್ತದೆ. ನೀರು ಕೆಂಪಗಾಗುತ್ತಾ ಬಂದರೆ, ಕಸಕಡ್ಡಿ ತೇಲಿ ಬರಲು ಶುರುವಾದರೆ ಫೋಟೊ ಬಿಟ್ಟು ಮೇಲಕ್ಕೆ ಬನ್ನಿ.

ವಯಸ್ಸಾದವರು ಜೊತೆಗಿದ್ದರೆ ಗುಂಪು ಒಡೆಯಬೇಕಾಗುತ್ತದೆ. ಅವರ ಜೊತೆ ಒಬ್ಬರು ಮೇಲೆ ಉಳಿಯಲಿ. ನಾವು ಮಾಡಿದ ತಪ್ಪು ಅದೇ, ಎಲ್ಲರೂ ಇಳಿದುಬಿಟ್ಟೆವು.

ಚಾರ್ಮಾಡಿ: ಖರ್ಚಿಲ್ಲ, ಎಚ್ಚರ ಜಾಸ್ತಿ ಬೇಕು

ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಘಾಟಿ. ಹಾಸನದವರಿಗಂತೂ ಬೇಲೂರು, ಮೂಡಿಗೆರೆ ಮೇಲೆ ಇದೇ ಹತ್ತಿರ. ಮಳೆಗಾಲದಲ್ಲಿ ಗುಡ್ಡದ ಮೈ ತುಂಬ ಬಿಳಿ ಗೆರೆಗಳು. ಹೆಸರಿಲ್ಲದ ಎಷ್ಟೋ ಅಬ್ಬಿಗಳು ಜುಲೈನಲ್ಲಿ ಹುಟ್ಟಿ ಅಕ್ಟೋಬರ್‌ಗೆ ಮಾಯ. ಹೆಸರಿರುವುದರಲ್ಲಿ ಆಲೇಕಾನ್ ಎಲ್ಲರಿಗೂ ಗೊತ್ತು.

ಬಜೆಟ್ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಟಿಕೆಟ್ ಇಲ್ಲ. ರಾಷ್ಟ್ರೀಯ ಹೆದ್ದಾರಿ 73, ಧರ್ಮಸ್ಥಳದ ಬಸ್ಸುಗಳು ಈ ದಾರಿಯಲ್ಲೇ ಇಳಿಯುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ನಮ್ಮ ಬೀದಿಯ ನಾಲ್ಕು ಜನ ಹೆಂಗಸರು ಹೀಗೇ ಒಂದು ಬುಧವಾರ ಹೋಗಿ ಬಂದರು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದು, ಮುಂದಿನ ಬಸ್ಸಿಗೆ ಧರ್ಮಸ್ಥಳ, ಸಂಜೆಗೆ ವಾಪಸ್. ಘಾಟಿಯ ಅಬ್ಬಿಗಳನ್ನೆಲ್ಲ ಎರಡೂ ಸಲ ಕಿಟಕಿಯಿಂದ ನೋಡಿದರು. ನೀರುದೋಸೆ ಮಾತ್ರ ಬಿಡಬೇಡಿ. ಕೊಟ್ಟಿಗೆಹಾರದ ಮಂಜಿನಲ್ಲಿ, ಕಾವಲಿಯಿಂದ ಇಳಿದ ಬಿಸಿ ದೋಸೆಗೆ ಕಾಯಿಚಟ್ನಿ. ಅದರ ರುಚಿ ಬೇರೆಯೇ.

ಸ್ವಂತ ಗಾಡಿಯವರಿಗೆ ಚಾರ್ಮಾಡಿ ಸುಲಭ ಎಂದು ನಾನು ಹೇಳಲಾರೆ. ಇದು ಕೆಲಸದ ದಾರಿ. ಲಾರಿ, ಬಸ್ಸು, ಮಂಗಳೂರಿಗೆ ಓಡುವ ಆಂಬುಲೆನ್ಸ್ ಎಲ್ಲ ಇಲ್ಲೇ. ತಿರುವಿನಲ್ಲಿ ಕಾರು ನಿಲ್ಲಿಸಿ, ನಡುರಸ್ತೆಯಲ್ಲಿ ಕುಣಿದು ವಿಡಿಯೊ ಮಾಡುವವರನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮಂಜು ಕವಿದಾಗ ಹಿಂದಿನ ಲಾರಿಯವನಿಗೆ ನಿಮ್ಮ ಕಾರು ಹತ್ತು ಅಡಿ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಪಾಚಿ ಕಟ್ಟಿದ ಬಂಡೆ ಹತ್ತಿ ಜಾರಿ ಬಿದ್ದವರಿದ್ದಾರೆ. ಪೊಲೀಸರು ತಡೆಯುತ್ತಾರೆ, ತಡೆಯಬೇಕು. 2019ರ ಆಗಸ್ಟ್ ಮಳೆಗೆ ಘಾಟಿ ಹಲವು ಕಡೆ ಜರಿದು ದಾರಿಯೇ ಬಂದ್ ಆಗಿತ್ತು. ರೆಡ್ ಅಲರ್ಟ್ ಇರುವ ದಿನ ಈ ದಾರಿಯನ್ನು ಪಟ್ಟಿಯಿಂದಲೇ ತೆಗೆಯಿರಿ.

ಮಕ್ಕಳಿರುವವರು ಇಲ್ಲಿ ಕಾರಿನಿಂದ ಇಳಿಯಲೇಬೇಡಿ ಎನ್ನುತ್ತೇನೆ. ಗಾಜು ಇಳಿಸಿ, ನಿಧಾನಕ್ಕೆ ಸಾಗಿ. ರಸ್ತೆ ಅಗಲವಾದ ಕಡೆ, ಬೇರೆಯವರಿಗೆ ತೊಂದರೆ ಆಗದ ಹಾಗೆ ಒಂದೇ ಸಲ ನಿಲ್ಲಿಸಿ ನೋಡಿ.

ಸಿರಿಮನೆ: ಮೈ ಒದ್ದೆ ಮಾಡಿಕೊಳ್ಳಲೇಬೇಕು ಅನ್ನುವವರಿಗೆ

ಶೃಂಗೇರಿಯಿಂದ ಕಿಗ್ಗ, ಕಿಗ್ಗದಿಂದ ಐದಾರು ಕಿಲೋಮೀಟರ್. ದಾರಿ ಕಿರಿದು, ಎದುರು ಗಾಡಿ ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಟಿಕೆಟ್ ಇದೆ. ಗಾಡಿ ನಿಲ್ಲಿಸಿದ ಮೇಲೆ ಮೆಟ್ಟಿಲಿಳಿಯಬೇಕು. ಆದರೆ ಹನುಮನಗುಂಡಿಯಷ್ಟಿಲ್ಲ. ನಮ್ಮ ಅಮ್ಮ ನಡುವೆ ಎರಡು ಸಲ ಕೂತು, ಇಲ್ಲಿಗೆ ಇಳಿದು ಹತ್ತಿದ್ದಾರೆ.

ಎತ್ತರ ಸುಮಾರು ನಲವತ್ತು ಅಡಿ. ನೀರು ಅಗಲವಾಗಿ ಬೀಳುತ್ತದೆ. ಮಳೆ ಇಳಿದ ಮೇಲೆ ಅದರ ಬುಡಕ್ಕೇ ಹೋಗಿ ನಿಲ್ಲಬಹುದು. ಬಟ್ಟೆ ಬದಲಾಯಿಸಲು ಕೋಣೆ ಇದೆ. ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಬೇರೆ ಕಡೆ ಒದ್ದೆ ಬಟ್ಟೆಯಲ್ಲಿ ನೂರು ಕಿಲೋಮೀಟರ್ ಕೂತು ಬಂದವರಿಗೆ ಗೊತ್ತು. ಎಂಟು ವರ್ಷದಿಂದ ಹದಿನೈದು ವರ್ಷದ ಮಕ್ಕಳಿದ್ದರೆ ನಾನು ಯೋಚನೆ ಮಾಡದೆ ಸಿರಿಮನೆ ಎನ್ನುತ್ತೇನೆ. ತಿಂಗಳು ಮಾತ್ರ ಅಕ್ಟೋಬರ್‌ನಿಂದ ಜನವರಿ. ಜುಲೈನಲ್ಲಿ ಹೋದರೆ ನೋಡಿ ಬರಬೇಕು ಅಷ್ಟೆ. ಆಗ ಆ ನೀರಿಗೆ ಮೈ ಒಡ್ಡುವುದು ಬೇಡ.

ದಾರಿಯಲ್ಲಿ ಕಿಗ್ಗದ ಋಷ್ಯಶೃಂಗೇಶ್ವರ ದೇವಸ್ಥಾನಕ್ಕೆ ಹೋಗಿ. ಮಳೆ ಬಾರದಿದ್ದರೂ ಇಲ್ಲಿ ಪೂಜೆ, ಮಳೆ ಜಾಸ್ತಿಯಾದರೂ ಇಲ್ಲೇ ಪೂಜೆ. ಬರಗಾಲದಲ್ಲಿ ಬೆಂಗಳೂರಿನಿಂದ ಮಂತ್ರಿಗಳು ಬಂದು ಕೈಮುಗಿದು ಹೋಗುತ್ತಾರೆ. ಶೃಂಗೇರಿ ಮಠದಲ್ಲಿ ಮಧ್ಯಾಹ್ನದ ಊಟ ಸಿಗುವುದರಿಂದ ಆ ದಿನದ ಊಟದ ಖರ್ಚೂ ಉಳಿಯುತ್ತದೆ. ಬಸ್ಸಿನವರು ಶೃಂಗೇರಿಯಿಂದ ಕಿಗ್ಗದವರೆಗೆ ಬಸ್ಸಿನಲ್ಲಿ ಬಂದು, ಮುಂದಕ್ಕೆ ಆಟೊ ಮಾಡಿಕೊಳ್ಳಬಹುದು. ಹೋಗಿ ಬರುವುದು, ಕಾಯುವುದು ಎಲ್ಲ ಸೇರಿಸಿ ಮೊದಲೇ ಮಾತಾಡಿಕೊಳ್ಳಿ.

ಕಲ್ಲತ್ತಿಗಿರಿ: ದೇವರು, ನೀರು ಒಟ್ಟಿಗೆ

ತರೀಕೆರೆ, ಬೀರೂರು ಕಡೆಯಿಂದ ಬರುವವರಿಗೆ ಇದು. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯಲ್ಲಿ, ಕೆಮ್ಮಣ್ಣುಗುಂಡಿಗಿಂತ ಹತ್ತು ಕಿಲೋಮೀಟರ್ ಮೊದಲೇ ಸಿಗುತ್ತದೆ. ಒಟ್ಟು 122 ಮೀಟರ್ ಎತ್ತರದಿಂದ ಇಳಿಯುವ ನೀರು. ಆದರೆ ಒಂದೇ ಸಲಕ್ಕೆ ಅಷ್ಟೂ ಕಾಣುವುದಿಲ್ಲ. ನಿಮ್ಮ ಕಣ್ಣಿಗೆ ಬೀಳುವುದು ವೀರಭದ್ರನ ಗುಡಿ, ಬಂಡೆಯಲ್ಲಿ ಕಡೆದ ಕಲ್ಲಾನೆಗಳು, ಅವುಗಳ ಮೇಲೆ ಹರಿದು ಬರುವ ನೀರು. ವಿಜಯನಗರದ ಕಾಲದ ಗುಡಿ ಎನ್ನುತ್ತಾರೆ. ಚಪ್ಪಲಿ ಬಿಟ್ಟು, ಪಾದ ಮುಳುಗುವ ನೀರಿನಲ್ಲಿ ನಡೆದು ದೇವರ ಮುಂದೆ ನಿಲ್ಲುವುದು ಬೇರೆ ಯಾವ ಫಾಲ್ಸ್‌ನಲ್ಲೂ ಇಲ್ಲದ ಅನುಭವ.

ಅಜ್ಜಿ, ತಾತ, ಮೊಮ್ಮಕ್ಕಳು ಎಲ್ಲ ಒಟ್ಟಿಗೆ ಹೊರಟಿದ್ದರೆ ಇದನ್ನು ಗಂಭೀರವಾಗಿ ಯೋಚಿಸಿ. ವಯಸ್ಸಾದವರಿಗೆ ಪೂಜೆ, ಮಕ್ಕಳಿಗೆ ಆಟ, ನಡಿಗೆ ಕಡಿಮೆ. ಹಣ್ಣುಕಾಯಿ ಅಂಗಡಿ, ಚಹಾ ಸಿಗುತ್ತದೆ. ಬಂಡೆ ಜಾರುತ್ತದೆ, ಕೈ ಹಿಡಿದುಕೊಳ್ಳುವವರು ಪಕ್ಕದಲ್ಲೇ ಇರಬೇಕು. ರಜೆ ದಿನ, ಮಾರ್ಚ್–ಏಪ್ರಿಲ್ ಸುಮಾರಿನ ಜಾತ್ರೆಯ ಸಮಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಡಿನ ಮೌನ ಬೇಕು ಅನ್ನುವವರಿಗೆ ಇದು ಜಾಗವೇ ಅಲ್ಲ.

ಜೀಪಿನ ಫಾಲ್ಸ್‌ಗಳು

"ಹೆಬ್ಬೆ, ಝರಿ ಯಾಕೆ ಹೇಳಲಿಲ್ಲ?" ಎಂದು ಕೇಳುತ್ತೀರಿ, ಗೊತ್ತು. ಅವು ರಸ್ತೆ ಪಕ್ಕದವಲ್ಲ. ಹೆಬ್ಬೆ 168 ಮೀಟರ್, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತ. ಚೆಲುವಿನಲ್ಲಿ ಮೇಲೆ ಹೇಳಿದ ಐದನ್ನೂ ಮೀರಿಸುತ್ತದೆ. ಆದರೆ ಜೀಪು ಮಾಡಬೇಕು, ಟಿಕೆಟ್ ಬೇರೆ, ಜೀಪು ಇಳಿದ ಮೇಲೂ ಹಳ್ಳ ದಾಟಿ ನಡೆಯಬೇಕು. ಆ ಕಲ್ಲುದಾರಿಯಲ್ಲಿ ಕುಲುಕಾಟ ಎಂದರೆ ಕುಲುಕಾಟ. ಬೆನ್ನುನೋವಿನವರು, ಬಸುರಿಯರು ಹೋಗಲೇಬಾರದು. ಅತ್ತಿಗುಂಡಿ ಕಡೆಯ ಝರಿಗೂ ಜೀಪೇ, ದಾರಿ ಮಾತ್ರ ಚಿಕ್ಕದು. ನಾಲ್ಕೈದು ಜನ ಸೇರಿ ಜೀಪಿನ ದುಡ್ಡು ಹಂಚಿಕೊಂಡರೆ ಭಾರ ಅನ್ನಿಸುವುದಿಲ್ಲ, ಇಬ್ಬರೇ ಹೋದರೆ ಅನ್ನಿಸುತ್ತದೆ. ಝರಿ, ಬಾಬಾಬುಡನ್‌ಗಿರಿ ಕಡೆ ಹೋಗುವವರು ಮುಳ್ಳಯ್ಯನಗಿರಿ ಸಾಲಿಗೆ ಗಾಡಿಯ ಆನ್‌ಲೈನ್ ಬುಕಿಂಗ್ ಮಾಡಿಕೊಂಡೇ ಹೊರಡಿ. ಚೆಕ್‌ಪೋಸ್ಟ್‌ನಲ್ಲಿ ನಿಂತು ಫೋನ್ ತೆಗೆಯುವುದು ಬೇಡ.

ಹಾಸನದ ಚಿಕ್ಕಪ್ಪ ಪ್ರತಿ ಸಲ ಸಕಲೇಶಪುರದ ಹೆಸರು ತೆಗೆಯುತ್ತಾರೆ. ಹೆತ್ತೂರು ಕಡೆಯ ಮೂಕನಮನೆ ಅಬ್ಬಿಗೂ ಇಳಿದು ನಡೆಯಬೇಕು. ನಡೆಯಲಾಗದವರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಬದಲು ಬಿಸಿಲೆ ದಾರಿ ಹಿಡಿಯಿರಿ. ಆ ದಾರಿಯ ಮಂಕನಹಳ್ಳಿಯಲ್ಲಿ ರಸ್ತೆ ಬದಿಗೇ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ಫಾಲ್ಸ್ ಅಲ್ಲ, ಆದರೆ ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿ ನಿಂತರೆ ಮೈ ಜುಮ್ ಎನ್ನುತ್ತದೆ.

ಹೊರಡುವ ಮುಂಚೆ

ಕುದುರೆಮುಖದ ದಾರಿಗೆ ಇಳಿಯುವವರು ಕಳಸದಲ್ಲಿ ಅಥವಾ ಶೃಂಗೇರಿಯಲ್ಲಿ ಟ್ಯಾಂಕ್ ತುಂಬಿಸಿ, ತಿಂಡಿ ತಿಂದು, ಶೌಚಾಲಯಕ್ಕೆ ಹೋಗಿ ಬಂದು ಹೊರಡಿ. ಕಾಡಿನೊಳಗೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರ್, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಇನ್ನೊಂದು ತುದಿಯಲ್ಲಿ ಅದನ್ನು ನೋಡುತ್ತಾರೆ. ಎಲ್ಲೆಂದರಲ್ಲಿ ನಿಲ್ಲಿಸಿ ಊಟ ಬಿಚ್ಚಿ ಕೂರಬಾರದು ಎಂದೇ ಆ ಲೆಕ್ಕ. ಕತ್ತಲಾಗುವ ಮುನ್ನ ಕಾಡು ದಾಟಿಬಿಡಿ.

ಇಂಬಳ, ಅಂದರೆ ಜಿಗಣೆ, ಇದ್ದೇ ಇರುತ್ತದೆ. ರಸ್ತೆ ಪಕ್ಕದ ಹುಲ್ಲಿಗೆ ಕಾಲಿಟ್ಟರೂ ಹತ್ತುತ್ತದೆ. ಹನುಮನಗುಂಡಿಯಿಂದ ಬಂದು ಶೂ ಬಿಚ್ಚಿದಾಗ ನನ್ನ ಕಾಲುಚೀಲದ ಅಂಚಿನಲ್ಲಿ ಮೂರು ಇದ್ದವು. ಒಂದು ಆಗಲೇ ನೇರಳೆ ಹಣ್ಣಿನಂತೆ ಉಬ್ಬಿತ್ತು. ಎಳೆಯಬೇಡಿ, ಉಪ್ಪೋ ಸುಣ್ಣವೋ ತಾಗಿಸಿ, ತಾನೇ ಉದುರುತ್ತದೆ. ಸಣ್ಣ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಂಡರೆ ಸಾಕು. ಬೇಸಿಗೆಯಲ್ಲಿ ಇಂಬಳ ಇಲ್ಲ, ಆದರೆ ಉಣುಗು ಇದೆ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಆಗ ತರಗೆಲೆಯ ಮೇಲೆ ಕೂರುವುದು, ಮರದಡಿ ಮಲಗುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯವರಿಗೋ ಆಶಾ ಕಾರ್ಯಕರ್ತೆಗೋ ಹೇಳಿ.

ಬದುಕಿರುವ ಮಂಗಗಳಿಗೆ ಬಿಸ್ಕತ್ತು, ಚಿಪ್ಸ್ ಹಾಕಬೇಡಿ. ಒಬ್ಬರು ಹಾಕಿದ ತಿಂಡಿಗೆ ಅವು ದಿನವೆಲ್ಲ ರಸ್ತೆಯಲ್ಲಿ ಕಾಯುತ್ತವೆ. ಅಷ್ಟರಲ್ಲಿ ಲಾರಿ ಬರುತ್ತದೆ. ಇದೇ ಕಾಡಿನ ಮರದ ನೆತ್ತಿಯಲ್ಲಿ ಸಿಂಗಳೀಕ ಇದೆ. ಅದು ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಪ್ಲಾಸ್ಟಿಕ್ ಕವರ್ ಕಾರಿನಲ್ಲೇ ಇರಲಿ, ಊರಿಗೆ ಬಂದು ಹಾಕಿ.

ಹಾಗಾದರೆ ಯಾವುದು?

ನಡೆಯಲಾಗದ ಹಿರಿಯರಿದ್ದರೆ ಕಡಾಂಬಿ, ಹೊರನಾಡಿನ ಜೊತೆ. ಹಿರಿಯರಿಗೆ ದೇವರೂ ಬೇಕು, ದೂರ ಕಡಿಮೆ ಇರಬೇಕು ಎಂದರೆ ಕಲ್ಲತ್ತಿಗಿರಿ, ವಾರದ ನಡುವೆ. ಮಕ್ಕಳು ನೀರಾಡಬೇಕು ಎಂದರೆ ಸಿರಿಮನೆ, ದಸರಾ ರಜೆಗೆ. ಗೆಳೆಯರ ಗುಂಪಾದರೆ ಹನುಮನಗುಂಡಿ. ಜೇಬಿನಲ್ಲಿ ದುಡ್ಡು ಕಡಿಮೆ, ಇರುವುದು ಒಂದೇ ದಿನ ಎಂದರೆ ಚಾರ್ಮಾಡಿ, ಬಸ್ಸಿನಲ್ಲಿ, ಕಿಟಕಿ ಪಕ್ಕ.

ಹಿರಿಯರು, ಮಕ್ಕಳು ಎಲ್ಲ ಒಂದೇ ಗಾಡಿಯಲ್ಲಿ ಇದ್ದೀರಾ, ಎರಡು ದಿನ ಇದೆಯಾ? ಹಾಗಿದ್ದರೆ ಮೊದಲ ದಿನ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಮೇಲೆ ಹೊರನಾಡು, ರಾತ್ರಿ ಅಲ್ಲೇ. ಬೆಳಿಗ್ಗೆ ಬೇಗ ಎದ್ದು ಕುದುರೆಮುಖದ ದಾರಿ ಹಿಡಿಯಿರಿ, ಕಡಾಂಬಿಯಲ್ಲಿ ಹದಿನೈದು ನಿಮಿಷ. ಎಂಟು ಗಂಟೆಗೆ ಮುಂಚೆ ತಲುಪಿದರೆ ಬೇರೆ ಗಾಡಿ ಇರುವುದಿಲ್ಲ. ಎಸ್.ಕೆ. ಬಾರ್ಡರ್‌ನಲ್ಲಿ ಬಲಕ್ಕೋ ಎಡಕ್ಕೋ ಎಂದು ಗೊಂದಲ ಆದರೆ ಶೃಂಗೇರಿ ಬೋರ್ಡ್ ನೋಡಿ. ಮಠದಲ್ಲಿ ಊಟ, ಆಮೇಲೆ ಸಿರಿಮನೆ. ಅಲ್ಲಿ ಮಕ್ಕಳು ನೀರಿನಲ್ಲಿರುವಾಗ ಹಿರಿಯರ ಜೊತೆ ಮೇಲೆ ಯಾರು ಕೂರುತ್ತಾರೆ ಎಂದು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಅದು ನನ್ನ ಪಾಳಿ. ಫ್ಲಾಸ್ಕಿನಲ್ಲಿ ಕಾಫಿ ಇರುತ್ತದೆ, ಅಮ್ಮ ಕಡಾಂಬಿಯ ಕಥೆ ಮತ್ತೆ ಶುರು ಮಾಡುತ್ತಾರೆ.